ಜಾಮ್ ಆದ ಎಸಿ ಕಂಪ್ರೆಸರ್: ಹಳೆಯ ಕಾರಿಗೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬಹುದು?

ಪ್ರಶ್ನೆ: ನಮ್ಮದು 2009ರ ಮಾದರಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. 1,18,000 ಕಿ.ಮೀ. ಓಡಿದೆ. ಎಂಜಿನ್ ಚೆನ್ನಾಗಿದೆ, ಆರ್‌ಸಿ ನವೀಕರಣವಾಗಿ 2029ರವರೆಗೆ ಅವಧಿ ಇದೆ. ನಾವು ಸೇಡಂ ತಾಲ್ಲೂಕಿನವರು. ತಾಯಿಯವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಕಲಬುರಗಿಗೆ ಕರೆದುಕೊಂಡು ಹೋಗಬೇಕು. ಎರಡು ವರ್ಷಗಳಿಂದ ಬೇಸಿಗೆ ಬಂದಾಗಲೆಲ್ಲ ಎಸಿ ಗ್ಯಾಸ್ ತುಂಬಿಸುತ್ತಿದ್ದೇವೆ. ಹೋದ ವರ್ಷ ರೈಲ್ವೆ ಗೇಟಿನಲ್ಲಿ ನಿಂತಾಗ ತಂಪು ಹೋಗಿಬಿಡುತ್ತಿತ್ತು, ಗಾಡಿ ಓಡತೊಡಗಿದರೆ ಮತ್ತೆ ಬರುತ್ತಿತ್ತು. ಈ ತಿಂಗಳು ಎಸಿ ಒತ್ತಿದ ಕೂಡಲೇ ಬಾನೆಟ್ ಒಳಗಿಂದ ಕಿರ್ರೆಂಬ ಶಬ್ದ, ರಬ್ಬರ್ ಸುಟ್ಟ ವಾಸನೆ, ಸ್ವಲ್ಪ ಹೊಗೆ ಬಂತು. ಎಸಿ ಆರಿಸಿದರೆ ಶಬ್ದವಿಲ್ಲ. ಒಬ್ಬ ಮೆಕ್ಯಾನಿಕ್ ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್ ಎಲ್ಲವನ್ನೂ ಬದಲಿಸಬೇಕು, 34,000 ರೂಪಾಯಿ ಎನ್ನುತ್ತಾರೆ. ಇನ್ನೊಬ್ಬರು ಗುಜರಿಯಿಂದ ಕಂಪ್ರೆಸರ್ ತಂದು, ಗ್ಯಾಸ್ ಸೇರಿ 9,000ಕ್ಕೆ ಮುಗಿಸುತ್ತೇನೆ ಎನ್ನುತ್ತಾರೆ. ಮೂರನೆಯವರು ಆಯಿಲ್ ಬಿಟ್ಟು, ತಟ್ಟಿ ಬಿಡಿಸಬಹುದು ಎಂದರು. ಯಾರನ್ನು ನಂಬಬೇಕು? ಅಲ್ಲಿಯವರೆಗೆ ಕಾರು ಓಡಿಸಬಹುದೇ?

ಉತ್ತರ: ನಿಮ್ಮ ಕಡೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ತಾಯಿಯವರ ಡಯಾಲಿಸಿಸ್ ನನ್ನ ಉತ್ತರಕ್ಕಾಗಿ ಕಾಯುವಂಥದ್ದಲ್ಲ. ಎಸಿ ಆರಿಸಿದಾಗ ಶಬ್ದ ಪೂರ್ತಿ ನಿಲ್ಲುತ್ತದೆ ಎಂದರೆ ಕಂಪ್ರೆಸರ್‌ನ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಪುಲ್ಲಿ, ಅಂದರೆ ಬೆಲ್ಟ್ ತಿರುಗಿಸುವ ಗಾಲಿ, ಇನ್ನೂ ಸಲೀಸಾಗಿ ತಿರುಗುತ್ತಿದೆ ಎಂದರ್ಥ. ಹಾಗಿರುವಾಗ ಎಸಿ ಇಲ್ಲದೆ ಕಾರು ಓಡಿಸಬಹುದು. ಆದರೆ ಅದಕ್ಕೆ ಮುನ್ನ ಎರಡು ಕೆಲಸಗಳನ್ನು ಇವತ್ತೇ ಮಾಡಿಸಿ. ಎಸಿ ಒತ್ತಿದಾಗ ಪುಲ್ಲಿಯನ್ನು ಕಂಪ್ರೆಸರ್‌ಗೆ ಜೋಡಿಸುವ ಕ್ಲಚ್‌ಗೆ ಹೋಗುವ ಒಂಟಿ ವೈರಿನ ಕನೆಕ್ಟರನ್ನು ಬಿಚ್ಚಿಸಿ, ಟೇಪು ಸುತ್ತಿಸಿ ಪಕ್ಕಕ್ಕೆ ಕಟ್ಟಿಸಿಡಿ. ಸೆಕೆಯಲ್ಲಿ ಯಾರಾದರೂ ಮರೆತು ಎಸಿ ಒತ್ತಿದರೂ ಆಗ ಏನೂ ಆಗುವುದಿಲ್ಲ. ಎರಡನೆಯದು ಬೆಲ್ಟ್. ಹೊಗೆ ಬಂದಿರುವ ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಅದನ್ನು ಬದಲಿಸಿ. ಕೆಲವು ಕಾರುಗಳಲ್ಲಿ ಎಸಿಗೆ ಪ್ರತ್ಯೇಕ ಬೆಲ್ಟ್ ಇರುತ್ತದೆ, ಅದು ಹರಿದರೂ ಎಂಜಿನ್‌ಗೆ ತೊಂದರೆಯಿಲ್ಲ. ಇನ್ನು ಕೆಲವದರಲ್ಲಿ ಒಂದೇ ಉದ್ದನೆಯ ಬೆಲ್ಟ್ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ, ಅದು ನಡುದಾರಿಯಲ್ಲಿ ಹರಿದರೆ ಬ್ಯಾಟರಿ ಚಾರ್ಜ್ ಆಗುವುದೂ ನಿಂತು, ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಾದುಹೋಗುತ್ತದೆ. ನಿಮ್ಮ ಕಾರಿನದು ಯಾವ ಬಗೆ ಎಂಬುದನ್ನು ಬಾನೆಟ್ ತೆರೆದು ನೋಡಿದ ಯಾವ ಮೆಕ್ಯಾನಿಕ್ ಬೇಕಾದರೂ ಹೇಳುತ್ತಾರೆ.

ಇನ್ನು ನಿಮ್ಮ ಆತಂಕದ ವಿಷಯಕ್ಕೆ ಬರೋಣ. ಕಂಪ್ರೆಸರ್ ನಿಜವಾಗಿಯೂ ಜಾಮ್ ಆಗಿದೆಯೇ, ಆಗಿದ್ದರೆ 34,000 ರೂಪಾಯಿ ನ್ಯಾಯವಾದ ಮೊತ್ತವೇ, ಅಷ್ಟು ಸುರಿದ ಮೇಲೂ ಎಸಿ ಉಳಿಯುತ್ತದೆಯೇ ಎಂಬ ಮೂರು ಸಂಶಯಗಳು ನಿಮ್ಮ ಪತ್ರದಲ್ಲಿವೆ. ವಾಹನಗಳ ಎಸಿ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿರುವ ನಾನು ಈ ಮೂರನ್ನೂ ಬೇರೆ ಬೇರೆಯಾಗಿ ನೋಡುವುದಿಲ್ಲ. ಕಂಪ್ರೆಸರ್ ತಾನಾಗಿ ಸಾಯುವುದು ಅಪರೂಪ. ಅದನ್ನು ಸಾಯಿಸುವ ಕಾರಣ ಅದರ ಹೊರಗೆ, ಉಳಿದ ಎಸಿ ವ್ಯವಸ್ಥೆಯಲ್ಲಿ ಇರುತ್ತದೆ. ಆ ಕಾರಣವನ್ನು ಹುಡುಕದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮೊದಲಿಗೆ, ಜಾಮ್ ಆಗಿದೆ ಎಂಬುದನ್ನು ನೀವೇ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಎಂಜಿನ್ ಆರಿಸಿ, ಕೀ ತೆಗೆದು ಜೇಬಿನಲ್ಲಿ ಇಟ್ಟುಕೊಂಡು, ಎಂಜಿನ್ ತಣ್ಣಗಾದ ಮೇಲೆ ಕಂಪ್ರೆಸರ್‌ನ ಮುಂಭಾಗವನ್ನು ಗಮನಿಸಿ. ಬೆಲ್ಟ್ ಸುತ್ತಿಕೊಂಡಿರುವುದು ಪುಲ್ಲಿ. ಅದರ ಮುಂದೆ, ನಡುವೆ ಬೋಲ್ಟ್ ಇರುವ ತಟ್ಟೆಯೇ ಕ್ಲಚ್ ಪ್ಲೇಟ್. ಎಸಿ ಆರಿಸಿರುವಾಗ ಇವೆರಡರ ನಡುವೆ ಅರ್ಧ ಮಿಲಿಮೀಟರಿನಷ್ಟು ಮಾತ್ರ ಸಂದು ಇರುತ್ತದೆ. ಆ ಮುಂದಿನ ತಟ್ಟೆಯನ್ನು ಬೆರಳುಗಳಿಂದ ಹಿಡಿದು ತಿರುಗಿಸಿದರೆ ಸರಿಯಿರುವ ಕಂಪ್ರೆಸರ್ ಸ್ವಲ್ಪ ಬಿಗಿಯಾಗಿ, ಆದರೆ ಎಲ್ಲೂ ತಡೆಯದೆ ಒಂದೇ ಸಮನೆ ತಿರುಗುತ್ತದೆ. ಅಲುಗಾಡದೆ ಕಲ್ಲಿನಂತೆ ನಿಂತಿದ್ದರೆ ಅದು ಜಾಮ್ ಆಗಿರುವುದು ನಿಜ. ಒಂದು ಕಡೆ ತಿರುಗಿ ಕರಕರ ಎಂದು ನಿಲ್ಲುತ್ತಿದ್ದರೆ ಒಳಗೆ ಸವೆತ ಆಗಿದೆ. ಈ ಪರೀಕ್ಷೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಪುಲ್ಲಿಯ ಬೇರಿಂಗ್ ಹಾಳಾದಾಗಲೂ ಶಬ್ದ, ಹೊಗೆ, ಸುಟ್ಟ ವಾಸನೆ ಎಲ್ಲವೂ ಬರುತ್ತವೆ, ಮತ್ತು ಆ ಬೇರಿಂಗನ್ನು ಮಾತ್ರ ಬದಲಿಸಿದರೆ ಸಾಕಾಗುವ ಎಷ್ಟೋ ಕಾರುಗಳಿಗೆ ಹೊಸ ಕಂಪ್ರೆಸರ್‌ನ ಬಿಲ್ ಆಗಿರುವುದನ್ನು ನಾನು ಕಂಡಿದ್ದೇನೆ. ಆದರೆ ಬೇರಿಂಗ್ ಹೋಗಿದ್ದರೆ ಎಸಿ ಆರಿಸಿದ ಮೇಲೂ ಗೊರಗೊರ ಶಬ್ದ ಮುಂದುವರಿಯುತ್ತದೆ. ನಿಮ್ಮ ವರ್ಣನೆಯಲ್ಲಿ ಎಸಿ ಒತ್ತಿದಾಗ ಮಾತ್ರ ಶಬ್ದ, ಆರಿಸಿದರೆ ಮೌನ. ಹೀಗಾಗಿ ಮೆಕ್ಯಾನಿಕ್ ಹೇಳಿದ್ದು ಬಹುಮಟ್ಟಿಗೆ ಸರಿ ಎಂದೇ ನನಗೆ ತೋರುತ್ತದೆ. ಆದರೂ ತಟ್ಟೆಯನ್ನು ಕೈಯಿಂದ ತಿರುಗಿಸಿ ನೋಡದೆ ಯಾರಿಗೂ ಹಣ ಕೊಡಬೇಡಿ.

ಈಗ ಅದು ಏಕೆ ಜಾಮ್ ಆಯಿತು ಎಂಬುದು. ಈ ಬಗೆಯ ಕಾರುಗಳ ಕಂಪ್ರೆಸರ್ ಒಳಗೆ ಓರೆಯಾಗಿ ಕೂತ ಒಂದು ತಟ್ಟೆ ತಿರುಗುತ್ತಾ ಸಣ್ಣ ಪಿಸ್ಟನ್‌ಗಳನ್ನು ಹಿಂದೆ ಮುಂದೆ ಆಡಿಸುತ್ತದೆ. ಇದಕ್ಕೆ ಎಂಜಿನ್‌ಗೆ ಇರುವಂತೆ ಆಯಿಲ್ ಪಂಪಿನ ವ್ಯವಸ್ಥೆ ಇರುವುದಿಲ್ಲ. ಇಡೀ ಎಸಿಯಲ್ಲಿ ಇರುವ ಆಯಿಲ್ ಸಾಮಾನ್ಯವಾಗಿ 100 ಮಿಲಿ ಲೀಟರಿನ ಆಸುಪಾಸು, ಅಂದರೆ ಹೋಟೆಲಿನ ಒಂದು ಸಣ್ಣ ಲೋಟ ಚಹಾದಷ್ಟು. ಆ ಆಯಿಲ್ ಗ್ಯಾಸಿನ ಜೊತೆಯಲ್ಲೇ ಬೆರೆತು ಪೈಪು, ಗ್ರಿಲ್ಲಿನ ಹಿಂದೆ ಗ್ಯಾಸಿನ ಬಿಸಿಯನ್ನು ಹೊರಬಿಡುವ ಕಂಡೆನ್ಸರ್, ಕಾರಿನೊಳಗಿನ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್ ಎಲ್ಲವನ್ನೂ ಸುತ್ತಿ ಮತ್ತೆ ಕಂಪ್ರೆಸರ್‌ಗೆ ಮರಳುತ್ತದೆ. ಗ್ಯಾಸ್ ಚೆನ್ನಾಗಿ ಹರಿದರೆ ಆಯಿಲ್ ಮರಳಿ ಬರುತ್ತದೆ. ಗ್ಯಾಸ್ ಕಡಿಮೆಯಾದರೆ ಆಯಿಲ್ ದೂರದ ಕಾಯಿಲಿನಲ್ಲೇ ನಿಂತುಬಿಡುತ್ತದೆ. ಸೋರಿಕೆಯ ಜಾಗದಲ್ಲಿ ಗ್ಯಾಸಿನೊಂದಿಗೆ ಆಯಿಲ್ ಕೂಡ ಹೊರಗೆ ಹೋಗುತ್ತದೆ. ಎಸಿ ಪೈಪಿನ ಜೋಡಣೆಯ ಬಳಿ ಧೂಳು ಅಂಟಿದ ಜಿಡ್ಡಿನ ಕಲೆ ಕಾಣಿಸಿದರೆ ಅದೇ ಸೋರಿಕೆಯ ಗುರುತು.

ಇದನ್ನು ತಿಳಿದುಕೊಂಡರೆ 'ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕು' ಎಂಬ ಮಾತು ಎಷ್ಟು ಹಾನಿಕಾರಕ ಎಂಬುದು ನಿಮಗೇ ಹೊಳೆಯುತ್ತದೆ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗಿ ಮುಗಿಯುವ ವಸ್ತುವಲ್ಲ. ರಬ್ಬರ್ ಪೈಪುಗಳ ಮೂಲಕ, ಶಾಫ್ಟಿನ ಸೀಲ್ ಮೂಲಕ ವರ್ಷಗಳ ಅವಧಿಯಲ್ಲಿ ತುಸು ಜಿನುಗುವುದು ಸಹಜ. ಆದರೆ ವರ್ಷಕ್ಕೊಮ್ಮೆ ತುಂಬಿಸಲೇಬೇಕಾದ ಕಾರಿನಲ್ಲಿ ಸೋರಿಕೆ ಇದೆ ಎಂಬುದರಲ್ಲಿ ಅನುಮಾನವಿಲ್ಲ. ನಿಮ್ಮ ಕಾರಿಗೆ ಎರಡು ವರ್ಷ ಗ್ಯಾಸ್ ಮಾತ್ರ ಬಂತು, ಹೋದ ಆಯಿಲ್ ಮರಳಿ ಬಂದಂತೆ ಕಾಣುವುದಿಲ್ಲ. ಗ್ಯಾಸ್ ಕಡಿಮೆಯಾದರೆ ಕಂಪ್ರೆಸರನ್ನು ನಿಲ್ಲಿಸುವ ಪ್ರೆಷರ್ ಸ್ವಿಚ್ ಇದೆಯಲ್ಲ ಎಂದು ನೀವು ಕೇಳಬಹುದು. ಅದು ಕೆಲಸ ಮಾಡುವುದು ಒತ್ತಡ ತೀರಾ ಕುಸಿದ ಮೇಲೆ, ಅಂದರೆ ಒಳಗೆ ಹೆಚ್ಚೂಕಡಿಮೆ ಏನೂ ಉಳಿಯದಿದ್ದಾಗ. ಗ್ಯಾಸ್ ಅರ್ಧಕ್ಕೆ ಇಳಿದು, ಆಯಿಲ್ ಸರಿಯಾಗಿ ಮರಳದೆ ಕಂಪ್ರೆಸರ್ ತಿಂಗಳುಗಟ್ಟಲೆ ಒಣಗಿ ತಿರುಗುತ್ತಿರುವುದು ಆ ಸ್ವಿಚ್‌ಗೆ ಗೊತ್ತಾಗುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ರೈಲ್ವೆ ಗೇಟಿನ ಮಾತು. ನಿಂತಾಗ ತಂಪು ಹೋಗಿ ಓಡುವಾಗ ಮರಳುತ್ತದೆ ಎಂದರೆ ಕಂಡೆನ್ಸರ್‌ಗೆ ಸಾಕಷ್ಟು ಗಾಳಿ ಸಿಗುತ್ತಿರಲಿಲ್ಲ. ಓಡುವ ಕಾರಿಗೆ ಎದುರುಗಾಳಿ ಆ ಕೊರತೆಯನ್ನು ತುಂಬುತ್ತದೆ. ನಿಂತ ಕಾರಿಗೆ ಫ್ಯಾನ್ ಒಂದೇ ಗತಿ. ಅದರ ಮೋಟಾರ್ ದುರ್ಬಲವಾಗಿ ನಿಧಾನ ತಿರುಗುತ್ತಿದ್ದರೆ, ಅಥವಾ ಕಂಡೆನ್ಸರ್‌ನ ಜಾಲಿಯಲ್ಲಿ ಧೂಳು ತುಂಬಿದ್ದರೆ, ಒಳಗಿನ ಒತ್ತಡ ಏರುತ್ತದೆ. ಬೇಸಿಗೆಯ ಮಧ್ಯಾಹ್ನ ಸುಮಾರು 250 ಪಿಎಸ್‌ಐ (ಒತ್ತಡದ ಅಳತೆ) ಇರಬೇಕಾದ ಕಡೆ 350, 400 ದಾಟಿದ ಗೇಜುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಷ್ಟು ಒತ್ತಡದ ವಿರುದ್ಧ ದುಡಿಯುವ ಪಿಸ್ಟನ್ ಕಾಯುತ್ತದೆ, ಕಾದ ಆಯಿಲ್ ತೆಳುವಾಗುತ್ತದೆ, ತೆಳುವಾದ ಆಯಿಲ್ ಲೋಹವನ್ನು ಲೋಹದಿಂದ ದೂರ ಇಡಲಾರದು. ಸೇಡಂ, ಮಳಖೇಡ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು, ಸುಣ್ಣದ ಕಲ್ಲಿನ ಗಣಿಗಳು, ಅವುಗಳ ಲಾರಿಗಳು ಓಡಾಡುವ ರಸ್ತೆಗಳು ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಭಾಗದಿಂದ ಬಂದ ಕಾರುಗಳ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿದರೆ ಬೂದಿಬಣ್ಣದ ಧೂಳು ಹತ್ತಿಯ ಹಾಸಿನಂತೆ ಪದರವಾಗಿ ಕೂತಿರುತ್ತದೆ. ಮುಂದಿನ ಗ್ರಿಲ್ಲಿನಿಂದ ನೋಡಿದವರಿಗೆ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತದೆ. ಧೂಳು ನಿಲ್ಲುವುದು ಅದರ ಹಿಂಬದಿಯಲ್ಲಿ.

ಆದ್ದರಿಂದ ನಿಮ್ಮ ಕಂಪ್ರೆಸರ್ ಒಂದು ಕಡೆ ಆಯಿಲ್ ಕೊರತೆಯಿಂದ, ಇನ್ನೊಂದು ಕಡೆ ಅತಿಯಾದ ಒತ್ತಡದಿಂದ ನಲುಗಿ ಜಾಮ್ ಆಗಿದೆ ಎಂಬುದು ನನ್ನ ಅಂದಾಜು. ಸೋರಿಕೆ ಮತ್ತು ಫ್ಯಾನ್, ಇವೆರಡನ್ನೂ ಸರಿಪಡಿಸುವ ಮಾತು ನಿಮಗೆ ಬಂದ ಮೂರು ಸಲಹೆಗಳಲ್ಲಿ ಯಾವುದರಲ್ಲೂ ಇಲ್ಲ. 34,000 ರೂಪಾಯಿಯ ಸಲಹೆಯಲ್ಲಿಯೂ ಇಲ್ಲ ಎಂಬುದೇ ನನಗೆ ಕಳವಳ ತಂದ ವಿಷಯ.

ಇನ್ನು ಕಂಪ್ರೆಸರ್ ಜೊತೆ ಕಂಡೆನ್ಸರ್, ಡ್ರೈಯರ್ ಕೂಡ ಏಕೆ ಎಂಬ ಪ್ರಶ್ನೆ. ಒಣಗಿ ಉಜ್ಜಿಕೊಂಡ ಪಿಸ್ಟನ್, ತಟ್ಟೆಗಳಿಂದ ಸಣ್ಣ ಲೋಹದ ಪುಡಿ ಏಳುತ್ತದೆ. ಅದು ಆಯಿಲಿನಲ್ಲಿ ಬೆರೆತು, ಸುಟ್ಟ ಸೀಲುಗಳ ಮಸಿಯೊಂದಿಗೆ ಕಪ್ಪು ಕೆಸರಾಗಿ ಮುಂದಕ್ಕೆ ಹರಿಯುತ್ತದೆ. ಅದು ಮೊದಲು ತಲುಪುವುದು ಕಂಡೆನ್ಸರನ್ನು. ಹಳೆಯ ಕಾಲದ ಕಂಡೆನ್ಸರ್‌ಗಳಲ್ಲಿ ಒಂದೇ ದಪ್ಪ ಕೊಳವೆ ಹಾವಿನಂತೆ ಸುತ್ತಿಕೊಂಡಿರುತ್ತಿತ್ತು, ಅದನ್ನು ತೊಳೆಯಬಹುದಿತ್ತು. ಈಗಿನವು ಚಪ್ಪಟೆ ಪಟ್ಟಿಗಳು, ಪ್ರತಿ ಪಟ್ಟಿಯೊಳಗೂ ಒಂದು ಮಿಲಿಮೀಟರಿನಷ್ಟೇ ಅಗಲದ ಹತ್ತಾರು ರಂಧ್ರಗಳು, ಅವೆಲ್ಲವೂ ಒಂದಕ್ಕೊಂದು ಸಮಾಂತರ. ತೊಳೆಯುವ ದ್ರವ ಬಿಟ್ಟರೆ ಅದು ತೆರೆದಿರುವ ರಂಧ್ರಗಳ ಮೂಲಕ ಸಲೀಸಾಗಿ ಹೊರಬರುತ್ತದೆ, ಮುಚ್ಚಿಕೊಂಡವು ಮುಚ್ಚಿಕೊಂಡೇ ಉಳಿಯುತ್ತವೆ. ಹೊರಬಂದ ದ್ರವ ತಿಳಿಯಾಗಿರುವುದನ್ನು ನೋಡಿ ನಾವು ಮೋಸಹೋಗುತ್ತೇವೆ.

ವೃತ್ತಿಗೆ ಬಂದ ಹೊಸದರಲ್ಲಿ ಹುಬ್ಬಳ್ಳಿಯಲ್ಲಿ ಒಬ್ಬ ಟ್ಯಾಕ್ಸಿ ಚಾಲಕರ ಕಾರಿಗೆ ನಾನೇ ಹೀಗೆ ತೊಳೆದು, ಹಳೆಯ ಕಂಡೆನ್ಸರನ್ನೇ ಉಳಿಸಿ ಹೊಸ ಕಂಪ್ರೆಸರ್ ಹಾಕಿಕೊಟ್ಟಿದ್ದೆ. ಅವರಿಗೆ ಹಣ ಉಳಿಸಿಕೊಡಬೇಕೆಂಬ ಆಸೆ ನನ್ನದಾಗಿತ್ತು. ಮೂರು ವಾರ ತುಂಬುವ ಮೊದಲೇ ಆ ಹೊಸ ಕಂಪ್ರೆಸರ್ ಕೂಡ ಜಾಮ್ ಆಗಿ ಕಾರು ಮರಳಿ ಬಂತು. ಆ ಕಂಡೆನ್ಸರನ್ನು ಹ್ಯಾಕ್ಸಾದಿಂದ ಕತ್ತರಿಸಿ ನೋಡಿದೆ. ಕೆಳಗಿನ ಪಟ್ಟಿಗಳ ರಂಧ್ರಗಳಲ್ಲಿ ಪೆನ್ಸಿಲ್ ಸೀಸದ ಬಣ್ಣದ, ಬೆರಳಿಗೆ ಮರಳಿನಂತೆ ತರಿತರಿಯಾಗಿ ತಾಗುವ ಪುಡಿ ಗಟ್ಟಿಯಾಗಿ ಕೂತಿತ್ತು. ಎರಡನೆಯ ಕಂಪ್ರೆಸರ್‌ನ ಬೆಲೆಯನ್ನು ನಾನೇ ಭರಿಸಿದೆ. ಆದರೆ ಅವರು ದುಡಿಮೆಯಿಲ್ಲದೆ ಕಳೆದ ಆ ದಿನಗಳನ್ನು ನಾನು ಮರಳಿ ಕೊಡಲಾಗಲಿಲ್ಲ, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆದರೆ ಜಾಮ್ ಆದ ಪ್ರತಿಯೊಂದು ಕಾರಿಗೂ ಕಂಡೆನ್ಸರ್ ಬದಲಿಸಲೇಬೇಕು ಎಂದಲ್ಲ. ಅದನ್ನು ತೀರ್ಮಾನಿಸಲು ಒಂದು ಸರಳ ಪರೀಕ್ಷೆ ಇದೆ. ಉಳಿದ ಗ್ಯಾಸನ್ನು ಯಂತ್ರದಿಂದ ಹೊರತೆಗೆದ ಮೇಲೆ ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ ಹೋಗುವ ಪೈಪನ್ನು ಬಿಚ್ಚಿಸಿ, ಅದರ ಬಾಯಿಗೆ ಬಿಳಿ ಹತ್ತಿ ಬಟ್ಟೆಯನ್ನು ತಿರುವಿ ಹೊರತೆಗೆದು, ಆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ. ತಿಳಿ ಹಳದಿ ಅಥವಾ ತಿಳಿ ಹಸಿರು ಜಿಡ್ಡು ಕಂಡರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಡ್ರೈಯರ್ ಮತ್ತು ಪೈಪಿನ ಜೋಡಣೆಗಳ ರಬ್ಬರ್ ಓ-ರಿಂಗ್‌ಗಳನ್ನು ಬದಲಿಸಿ ಕಂಡೆನ್ಸರನ್ನು ಉಳಿಸಿಕೊಳ್ಳಬಹುದು. ಕಪ್ಪಾಗಿದ್ದರೆ, ಅಥವಾ ಬಟ್ಟೆಯನ್ನು ಅಲುಗಿಸಿದಾಗ ಬೆಳ್ಳಿಯ ಪುಡಿಯಂತೆ ಮಿನುಗುತ್ತಿದ್ದರೆ, ಕಂಡೆನ್ಸರ್ ಬದಲಿಸದೆ ಬೇರೆ ದಾರಿಯಿಲ್ಲ. ಈ ಪರೀಕ್ಷೆಯನ್ನು ನಿಮ್ಮ ಎದುರಿಗೇ ಮಾಡಿ ತೋರಿಸಲು ಒಪ್ಪುವವರೇ ಈ ಕೆಲಸಕ್ಕೆ ತಕ್ಕವರು ಎಂದು ನನ್ನ ಅನುಭವ ಹೇಳುತ್ತದೆ.

ಡ್ರೈಯರ್ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಅದರೊಳಗೆ ತೇವವನ್ನು ಹೀರುವ ಸಣ್ಣ ಹರಳುಗಳಿವೆ. ಒಮ್ಮೆ ವ್ಯವಸ್ಥೆ ತೆರೆದು ಗಾಳಿಯಾಡಿದರೆ ಅವು ವಾತಾವರಣದ ತೇವ ಹೀರಿ ತುಂಬಿಹೋಗುತ್ತವೆ. ಆಮೇಲೆ ಒಳಗೆ ಉಳಿದ ತೇವಾಂಶ, ಕೂಲಿಂಗ್ ಕಾಯಿಲ್‌ಗೆ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ರಂಧ್ರದಲ್ಲಿ ಮಂಜುಗಟ್ಟಿ ದಾರಿ ಕಟ್ಟುತ್ತದೆ, ಮತ್ತು ಕಾಲಕ್ರಮದಲ್ಲಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಕೆಲವು ಕಾರುಗಳಲ್ಲಿ ಡ್ರೈಯರ್ ಕಂಡೆನ್ಸರ್‌ನ ಪಕ್ಕಕ್ಕೇ ಅಂಟಿಕೊಂಡಿದ್ದು ಹೊಸ ಕಂಡೆನ್ಸರ್ ಜೊತೆಗೇ ಬರುತ್ತದೆ. ಕಸ ಸಿಕ್ಕಿದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವನ್ನೂ ಬದಲಿಸಬೇಕು. ಕೂಲಿಂಗ್ ಕಾಯಿಲ್ ಮತ್ತು ಪೈಪುಗಳನ್ನು ಈ ಕೆಲಸಕ್ಕೆಂದೇ ಇರುವ ಫ್ಲಶ್ ದ್ರವದಿಂದ ತೊಳೆದು ನೈಟ್ರೋಜನ್ ಹಾಯಿಸಿ ಒಣಗಿಸಬೇಕು. ಪೆಟ್ರೋಲ್, ಸೀಮೆಎಣ್ಣೆ, ತಿನ್ನರ್‌ಗಳಿಂದ ತೊಳೆಯುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಅವು ಓ-ರಿಂಗ್‌ಗಳನ್ನು ಉಬ್ಬಿಸುತ್ತವೆ, ಹೊಸ ಆಯಿಲನ್ನು ಕೆಡಿಸುತ್ತವೆ, ಬೆಂಕಿಯ ಅಪಾಯವಂತೂ ಇದ್ದೇ ಇದೆ.

ಈಗ ಮೂರು ಸಲಹೆಗಳನ್ನು ಒಂದೊಂದಾಗಿ ನೋಡೋಣ. ಆಯಿಲ್ ಬಿಟ್ಟು ತಟ್ಟಿ ಬಿಡಿಸುವ ಮಾತನ್ನು ಮರೆತುಬಿಡಿ. ವರ್ಷಗಟ್ಟಲೆ ನಿಂತುಬಿಟ್ಟ ಕಾರಿನಲ್ಲಿ ತುಕ್ಕು ಹಿಡಿದು ಅಂಟಿಕೊಂಡ ಕಂಪ್ರೆಸರ್ ಒಮ್ಮೊಮ್ಮೆ ಹಾಗೆ ಬಿಡಿಸಿಕೊಳ್ಳುವುದುಂಟು. ಓಡುತ್ತಿರುವಾಗಲೇ ಹೊಗೆ ಬಂದು ನಿಂತದ್ದರಲ್ಲಿ ಅಲ್ಯೂಮಿನಿಯಂ ಗೀರುಬಿದ್ದು ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ಬಲವಂತವಾಗಿ ತಿರುಗಿಸಿದರೆ ಇನ್ನಷ್ಟು ಪುಡಿ ಕಂಡೆನ್ಸರ್‌ಗೆ ಸೇರುತ್ತದೆ, ಅಷ್ಟೆ.

ಗುಜರಿಯ ಕಂಪ್ರೆಸರ್ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಅಚ್ಚರಿ ತರಬಹುದು: ಅದನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಬೆಂಗಳೂರಿನ ಶಿವಾಜಿನಗರದಂಥ ಕಡೆ ಅಪಘಾತವಾದ ಕಾರುಗಳಿಂದ ಬಿಚ್ಚಿದ ಒಳ್ಳೆಯ ಕಂಪ್ರೆಸರ್‌ಗಳು ಸಿಗುತ್ತವೆ. ಹಣಕಾಸು ನಿಜಕ್ಕೂ ಬಿಗಿಯಾಗಿದ್ದರೆ ಕಂಪ್ರೆಸರ್‌ನಲ್ಲಿ ಉಳಿಸಿ. ಕಂಡೆನ್ಸರ್, ಡ್ರೈಯರ್, ಫ್ಲಶ್‌ನಲ್ಲಿ ಉಳಿಸಬೇಡಿ. ಸ್ವಚ್ಛವಾದ ವ್ಯವಸ್ಥೆಯಲ್ಲಿ ಹಳೆಯ ಕಂಪ್ರೆಸರ್ ವರ್ಷಗಟ್ಟಲೆ ಬಾಳಬಹುದು, ಕೊಳಕು ವ್ಯವಸ್ಥೆಯಲ್ಲಿ ಹೊಚ್ಚಹೊಸದೂ ಬಾಳಲಾರದು. ನಿಮಗೆ ಹೇಳಿದ 9,000 ರೂಪಾಯಿಯ ಲೆಕ್ಕದಲ್ಲಿ ತಪ್ಪಿರುವುದು ಗುಜರಿ ಎಂಬ ಕಾರಣಕ್ಕಲ್ಲ, ಅದರಲ್ಲಿ ಉಳಿದ ಕೆಲಸಗಳೇ ಇಲ್ಲ ಎಂಬ ಕಾರಣಕ್ಕೆ. ಹಾಗೆ ಕೊಳ್ಳುವುದಾದರೆ ನಿಮ್ಮ ಕಾರಿನದೇ ಮಾದರಿಯ, ಅದೇ ಎಂಜಿನ್ನಿನ ಕಂಪ್ರೆಸರ್ ಎಂಬುದನ್ನು ಲೇಬಲ್ಲಿನ ನಂಬರಿನಿಂದ ಹೊಂದಿಸಿ ನೋಡಿ. ಪೈಪು ಕೂರುವ ಎರಡೂ ಬಾಯಿಗಳಿಗೆ ಮುಚ್ಚಳ ಇರಬೇಕು. ತೆರೆದ ಬಾಯಿಯಲ್ಲಿ ಮಳೆಗಾಲ ಕಳೆದ ಕಂಪ್ರೆಸರ್ ಬೇಡವೇ ಬೇಡ. ತಟ್ಟೆಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಕಂಪ್ರೆಸರನ್ನು ಬಗ್ಗಿಸಿ ಒಳಗಿನ ಆಯಿಲನ್ನು ಬಿಳಿ ಕಾಗದದ ಮೇಲೆ ಸುರಿಸಿ. ಕಪ್ಪಾಗಿದ್ದರೆ ಅಲ್ಲಿಗೇ ಬಿಟ್ಟು ಬನ್ನಿ. ಇಷ್ಟೆಲ್ಲ ನೋಡಿದ ಮೇಲೂ ಅದರೊಳಗಿನ ಸವೆತ ಎಷ್ಟೆಂದು ಯಾರೂ ಹೇಳಲಾರರು, ಗ್ಯಾರಂಟಿಯೂ ಇರುವುದಿಲ್ಲ. ಆ ಅಪಾಯ ನಿಮ್ಮದೇ.

ರೀಕಂಡಿಷನ್ ಮಾಡಿದ ಕಂಪ್ರೆಸರ್ ಹೊಸದು ಮತ್ತು ಗುಜರಿಯದು ಇವೆರಡರ ನಡುವಿನ ದಾರಿ. ಇದರಲ್ಲಿ ಎಲ್ಲವೂ ಮಾಡುವ ಕೈಯನ್ನೇ ಅವಲಂಬಿಸಿದೆ. ಒಳಗಿನ ಭಾಗಗಳನ್ನು ಅಳತೆ ನೋಡಿ, ಸೀಲು ಬೇರಿಂಗುಗಳನ್ನು ಬದಲಿಸಿ, ಒತ್ತಡದಲ್ಲಿ ಸೋರಿಕೆ ಪರೀಕ್ಷೆ ಮಾಡಿ ಕೊಡುವವರಿದ್ದಾರೆ. ಹೊರಗೆ ಬೆಳ್ಳಿ ಬಣ್ಣ ಬಳಿದು ಹೊಸದರಂತೆ ಕಾಣಿಸಿ ಮಾರುವವರೂ ಇದ್ದಾರೆ. ನಿಮ್ಮದೇ ಜಾಮ್ ಆದ ಕಂಪ್ರೆಸರನ್ನು ರಿಪೇರಿ ಮಾಡಿಸುವ ಯೋಚನೆ ಇದ್ದರೆ, ಸಿಲಿಂಡರಿನ ಗೋಡೆಯಲ್ಲಿ ಉಗುರು ತಡೆಯುವಷ್ಟು ಗೀರು ಬಿದ್ದಿದ್ದರೆ ಅದು ಆಗದ ಕೆಲಸ ಎಂದು ತಿಳಿಯಿರಿ.

34,000 ರೂಪಾಯಿಯ ಸಲಹೆ ಮೂರರಲ್ಲಿ ಹೆಚ್ಚು ಸರಿಯಾದದ್ದು, ಆದರೆ ಅಪೂರ್ಣ. ಆ ಮೊತ್ತವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಕಂಪ್ರೆಸರ್ ಯಾವ ತಯಾರಿಕೆಯದು, ಅದಕ್ಕೆ ಎಷ್ಟು ತಿಂಗಳ ವಾರಂಟಿ, ಎಕ್ಸ್‌ಪ್ಯಾನ್ಷನ್ ವಾಲ್ವ್ ಸೇರಿದೆಯೇ, ಫ್ಯಾನ್ ಮೋಟಾರ್ ಪರೀಕ್ಷೆ ಸೇರಿದೆಯೇ, ನೈಟ್ರೋಜನ್ ತುಂಬಿ ಸೋರಿಕೆ ನೋಡುತ್ತಾರೆಯೇ ಎಂದು ಕೇಳಿ. ಕಂಪ್ರೆಸರ್ ತಯಾರಕರಲ್ಲಿ ಅನೇಕರು ಡ್ರೈಯರ್ ಬದಲಿಸಿದ ಮತ್ತು ಫ್ಲಶ್ ಮಾಡಿದ ಬಿಲ್ ಇಲ್ಲದಿದ್ದರೆ ವಾರಂಟಿ ಒಪ್ಪುವುದಿಲ್ಲ, ಆದ್ದರಿಂದ ಆ ಬಿಲ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹದಿನೈದು ದಾಟಿದ ಕಾರಿಗೆ ಇಷ್ಟು ಹಣವೇ ಎಂದು ನೆಂಟರಿಷ್ಟರು ಹೇಳಬಹುದು. ಎಂಜಿನ್ ಗಟ್ಟಿಯಾಗಿದೆ, 2029ರವರೆಗೆ ಕಾಗದಪತ್ರ ಸರಿಯಿದೆ, ವಾರಕ್ಕೆ ಎರಡು ಸಲ ನಾಲ್ಕು ಗಂಟೆ ಡಯಾಲಿಸಿಸ್ ಮುಗಿಸಿ ದಣಿದ ತಾಯಿ ಮಧ್ಯಾಹ್ನದ ಬಿಸಿಲಲ್ಲಿ ಐವತ್ತಕ್ಕೂ ಹೆಚ್ಚು ಕಿ.ಮೀ. ಮರಳಬೇಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಖರ್ಚು ಮಾಡುತ್ತಿದ್ದೆ. ಇದೇ ಕಾರು ವಾರಕ್ಕೊಮ್ಮೆ ಸಂತೆಗೆ ಹೋಗಿಬರುವುದಕ್ಕೆ ಮಾತ್ರ ಇದ್ದಿದ್ದರೆ ಎಸಿಯನ್ನು ಹಾಗೇ ಬಿಟ್ಟುಬಿಡಿ ಎನ್ನುತ್ತಿದ್ದೆ.

ಕೆಲಸ ನಡೆಯುವಾಗ ನೀವು ಗಮನಿಸಬೇಕಾದದ್ದು ಗ್ಯಾಸ್ ತುಂಬುವ ಹಂತವನ್ನು. ನೈಟ್ರೋಜನ್ ಪರೀಕ್ಷೆ ಮುಗಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಅರ್ಧ ಮುಕ್ಕಾಲು ಗಂಟೆ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆಯಬೇಕು; ಹತ್ತು ನಿಮಿಷಕ್ಕೆ ಪಂಪ್ ಆರಿಸುವವರನ್ನು ತಡೆಯಿರಿ. ವ್ಯಾಕ್ಯೂಮ್ ಅಳೆಯುವ ಗೇಜಿನ ಮುಳ್ಳು 29 ಇಂಚು (ಪಾದರಸದ ಲೆಕ್ಕದಲ್ಲಿ) ಮುಟ್ಟಲಿಲ್ಲವೆಂದು ಗಾಬರಿ ಬೇಡ. ಸಮುದ್ರಮಟ್ಟದ ಮಂಗಳೂರಿನಲ್ಲಿ ಅದು 29 ದಾಟುತ್ತದೆ, ಕಲಬುರಗಿಯಲ್ಲಿ ಸುಮಾರು 28ಕ್ಕೆ, ಎತ್ತರದ ಬೆಂಗಳೂರಿನಲ್ಲಿ 27ರ ಹತ್ತಿರಕ್ಕೆ ನಿಲ್ಲುತ್ತದೆ. ವಾತಾವರಣದ ಒತ್ತಡವೇ ಅಲ್ಲಿ ಅಷ್ಟು ಕಡಿಮೆ. ಮುಖ್ಯವಾದದ್ದು, ಪಂಪ್ ಆರಿಸಿದ ಮೇಲೆ ಮುಳ್ಳು ಕದಲದೆ ನಿಲ್ಲಬೇಕು.

ಆಮೇಲೆ ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು. ನಿಮ್ಮ ಕಾರಿನ ಬಾನೆಟ್ ಅಡಿಯಲ್ಲಿ ಗ್ಯಾಸಿನ ಹೆಸರು ಆರ್-134ಎ ಎಂದೂ ಎಷ್ಟು ಗ್ರಾಂ ಎಂದೂ ಬರೆದ ಸ್ಟಿಕ್ಕರ್ ಇರುತ್ತದೆ. ಗೇಜು ನೋಡಿ ಅಂದಾಜಿನಲ್ಲಿ ತುಂಬುವುದು ಏಕೆ ತಪ್ಪೆಂದರೆ, 40 ಡಿಗ್ರಿ ಬಿಸಿಲಲ್ಲಿ ಎಂಜಿನ್ ಆರಿಸಿ ನಿಂತ ಕಾರಿನ ಗೇಜು ಸುಮಾರು 130 ಪಿಎಸ್‌ಐ ತೋರಿಸುತ್ತದೆ, ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 450 ಗ್ರಾಂ ಇದ್ದರೂ ಅಷ್ಟೇ. ದ್ರವರೂಪದ ಗ್ಯಾಸ್ ಸ್ವಲ್ಪ ಉಳಿದಿದ್ದರೂ ಒತ್ತಡವನ್ನು ನಿರ್ಧರಿಸುವುದು ಬಿಸಿಯೇ ಹೊರತು ಪ್ರಮಾಣವಲ್ಲ. ಅಡುಗೆಯ ಎಲ್‌ಪಿಜಿಯಂಥ ಅಗ್ಗದ ಗ್ಯಾಸ್ ತುಂಬಿಕೊಡುವವರ ಹತ್ತಿರ ಸುಳಿಯಬೇಡಿ. ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡ್ ಒಳಗೆ, ಸೋರಿದರೆ ಉರಿಯುವ ಗ್ಯಾಸ್ ತಾಯಿಯವರು ಕೂತ ಜಾಗಕ್ಕೇ ಬರುತ್ತದೆ. ಸೋರಿಕೆ ಮುಚ್ಚುವ ದ್ರವ ಎಂದು ಡಬ್ಬಿಯಲ್ಲಿ ಮಾರುವುದನ್ನೂ ಹಾಕಿಸಬೇಡಿ, ಅದು ವಾಲ್ವಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಡಿದಿಡಬೇಕು ಎಂದು ನಾನು ಹೇಳುವುದಕ್ಕೂ ಕಾರಣವಿದೆ: ಒಂದು ಕಿಲೋ ಆರ್-134ಎ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ 1,300 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ಇಂಥ ಗ್ಯಾಸ್‌ಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಆಯಿಲ್ ಕುರಿತು ಒಂದು ಎಚ್ಚರಿಕೆ. ನಿಮ್ಮ ಕಂಪ್ರೆಸರ್‌ಗೆ ಯಾವ ದರ್ಜೆಯ ಪಿಎಜಿ (ಎಸಿಗೆ ಬಳಸುವ ಕೃತಕ) ಆಯಿಲ್ ಎಂಬುದು ಅದರ ಲೇಬಲ್ಲಿನಲ್ಲಿ ಇರುತ್ತದೆ, ಅದನ್ನೇ ಹಾಕಬೇಕು. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಬೇಗ ಹೀರುತ್ತದೆ, ಆದ್ದರಿಂದ ಅರ್ಧ ಬಳಸಿ ಶೆಲ್ಫಿನಲ್ಲಿಟ್ಟ ಡಬ್ಬಿ ಬೇಡ, ಸೀಲ್ ಒಡೆಯದ ಸಣ್ಣ ಡಬ್ಬಿ ತರಿಸಿ. ಕೆಲವು ಹೊಸ ಕಂಪ್ರೆಸರ್‌ಗಳು ಪೂರ್ತಿ ಆಯಿಲಿನೊಂದಿಗೆ ಬರುತ್ತವೆ, ಕೆಲವು ಬರಿದಾಗಿ ಬರುತ್ತವೆ. ನೋಡದೆ ಹಾಕಿದರೆ ಒಂದೋ ಒಣಗುತ್ತದೆ, ಇಲ್ಲವೇ ಆಯಿಲ್ ಹೆಚ್ಚಾಗಿ ತಂಪು ಕುಗ್ಗುತ್ತದೆ. ಬೆಲ್ಟ್ ಹಾಕುವ ಮುನ್ನ ತಟ್ಟೆಯನ್ನು ಕೈಯಿಂದ ಹತ್ತು ಹದಿನೈದು ಸುತ್ತು ತಿರುಗಿಸಿದರೆ ಆಯಿಲ್ ಒಳಗೆಲ್ಲ ಹರಡುತ್ತದೆ. ಮೊದಲ ಐದು ಹತ್ತು ನಿಮಿಷ ಎಂಜಿನ್ ಐಡಲ್‌ನಲ್ಲೇ ಎಸಿ ಓಡಲಿ.

ಮುಂದೆ, ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ. ಹಳೆಯ ಕಾರಿಗೆ ಎಸಿ ಕಡಿಮೆ ಬಳಸಬೇಕು ಎಂಬ ನಂಬಿಕೆಗೆ ಆಧಾರವಿಲ್ಲ, ಬಳಸದೆ ಬಿಟ್ಟರೆ ಶಾಫ್ಟಿನ ಸೀಲ್ ಒಣಗಿ ಅಲ್ಲಿಂದಲೇ ಸೋರಿಕೆ ಶುರುವಾಗುತ್ತದೆ. ನಿಮ್ಮ ಊರಿನ ಧೂಳಿಗೆ ಪ್ರತಿ ಮಾರ್ಚ್‌ನಲ್ಲಿ ಕಂಡೆನ್ಸರನ್ನು ರೇಡಿಯೇಟರ್ ಕಡೆಯಿಂದ ಮುಂದಕ್ಕೆ ಮೆಲುವಾಗಿ ನೀರು ಹಾಯಿಸಿ ತೊಳೆಸಿ. ಸರ್ವೀಸ್ ಸೆಂಟರಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಜಾಲಿಯ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಸದ್ಯಕ್ಕೆ ತಟ್ಟೆ ಕೈಗೆ ತಿರುಗುತ್ತದೆಯೇ ಎಂಬುದನ್ನು ನೋಡಿ. ಕ್ಲಚ್‌ನ ಕನೆಕ್ಟರ್ ಬಿಚ್ಚಿದ ಮೇಲೆ ಎಂಜಿನ್ ಚಾಲೂ ಮಾಡಿ, ಮೆಕ್ಯಾನಿಕ್ ಕೈಯಿಂದ ಫ್ಯಾನ್‌ಗೆ ನೇರವಾಗಿ ಬ್ಯಾಟರಿಯಿಂದ ಕರೆಂಟ್ ಕೊಡಿಸಿ, ಗ್ರಿಲ್ಲಿನ ಮುಂದೆ ಒಂದು ಕಾಗದದ ಹಾಳೆ ಹಿಡಿದರೆ ಅದು ಅಂಟಿಕೊಂಡು ನಿಲ್ಲುತ್ತದೆಯೇ ಎಂದೂ ಪರೀಕ್ಷಿಸಿ. ಪೈಪ್ ಬಿಚ್ಚಿಸಿದ ದಿನ ಬಿಳಿ ಬಟ್ಟೆಯ ಮೇಲೆ ಬಂದ ಬಣ್ಣ ಯಾವುದೆಂದು ನನಗೆ ಬರೆಯಿರಿ. ಆ ಮೂರು ಸಂಗತಿಗಳು ಗೊತ್ತಾದರೆ ಕಂಡೆನ್ಸರ್ ಬೇಕೇ ಬೇಡವೇ, ಗುಜರಿಯ ಕಂಪ್ರೆಸರ್‌ಗೆ ಹೋಗಬಹುದೇ ಎಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.